ಕರಡಿಯ ಗಾಯ ಮತ್ತು ಕರ್ಮದ ಲೆಕ್ಕ

ಸಾಂಖ್ಯರು ದುಃಖವನ್ನು ಮೂರು ಬಗೆಯಾಗಿ ವಿಂಗಡಿಸುವಾಗ, ದೇಹ ಮತ್ತು ಮನಸ್ಸಿನ ಒಳಗಿಂದಲೇ ಹುಟ್ಟುವುದನ್ನು ಆಧ್ಯಾತ್ಮಿಕವೆಂದೂ, ಗ್ರಹಾದಿ ಅದೃಶ್ಯ ಶಕ್ತಿಗಳಿಂದ ಬರುವುದನ್ನು ಆಧಿದೈವಿಕವೆಂದೂ, ಮನುಷ್ಯ, ಮೃಗ, ಪಕ್ಷಿ, ಸರ್ಪಗಳಂಥ ಬೇರೆ ಜೀವಿಗಳಿಂದ ಒದಗುವುದನ್ನು ಆಧಿಭೌತಿಕವೆಂದೂ ಕರೆದರು. ಕರಡಿಯ ದಾಳಿಯಿಂದ ಆದ ಗಾಯ ಈ ಕೊನೆಯ ಬಗೆಗೆ ಸೇರುತ್ತದೆ. ಆದರೆ ದರೋಡೆಕಾರನ ಏಟಿಗೂ ಕರಡಿಯ ಏಟಿಗೂ ಒಂದೇ ಹೆಸರು ಸಿಕ್ಕ ಮಾತ್ರಕ್ಕೆ ಅವೆರಡೂ ಒಂದೇ ಆಗಲಾರವು. ದರೋಡೆಕಾರನನ್ನು ದೂರಬಹುದು, ಶಿಕ್ಷಿಸಬಹುದು, ಮನಸ್ಸು ದೊಡ್ಡದಾದರೆ ಕ್ಷಮಿಸಲೂಬಹುದು, ಕರಡಿಯ ವಿಷಯದಲ್ಲಿ ಈ ಮೂರಕ್ಕೂ ಎಡೆಯಿಲ್ಲ. ಹೊಣೆಗಾರನೇ ಇಲ್ಲದ ಇಂಥ ನೋವನ್ನು ಉಂಡವನು ಇದು ತನಗೇ ಏಕೆ ಬಂತೆಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಡುವ ಅಧಿಕಾರ ಯಾರಿಗಿದೆ ಎಂಬುದು ಧರ್ಮಜಿಜ್ಞಾಸೆಯಲ್ಲಿ ಬರಬೇಕಾದಷ್ಟು ಬಂದಿಲ್ಲದ ಪ್ರಶ್ನೆ.

ಮೊದಲು ಕರಡಿಯ ಸಂಗತಿಯನ್ನು ನೋಡಬೇಕು. ಬಳ್ಳಾರಿ, ವಿಜಯನಗರ, ಕೊಪ್ಪಳ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಲ್ಲುಗುಡ್ಡಗಳಲ್ಲಿ ವಾಸಿಸುವ ಕರಡಿ, ಗೆದ್ದಲು, ಇರುವೆ, ಜೇನು, ಹಣ್ಣುಗಳನ್ನೇ ಮುಖ್ಯವಾಗಿ ತಿಂದು ಬದುಕುವ ಪ್ರಾಣಿ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕಿಲ್ಲ, ಆ ಸಂದಿನಿಂದಲೇ ಹುತ್ತದೊಳಗಿನ ಗೆದ್ದಲನ್ನು ಹೀರಿಕೊಳ್ಳುತ್ತದೆ; ಹುತ್ತ ಬಗೆಯಲೆಂದು ಬೆಳೆದ ಉದ್ದನೆಯ ಉಗುರುಗಳೇ ಮನುಷ್ಯನ ಮುಖದ ಮೇಲೆ ಬಿದ್ದಾಗ ಕಣ್ಣು, ಮೂಗು, ದವಡೆಗಳನ್ನು ಕಿತ್ತುಹಾಕುತ್ತವೆ. ಅದರ ದೃಷ್ಟಿ ಮಂದ, ಮಣ್ಣು ಬಗೆಯುವುದರಲ್ಲಿ ಮುಳುಗಿರುವಾಗ ಹೆಜ್ಜೆಯ ಸದ್ದೂ ಅದರ ಗಮನಕ್ಕೆ ಬರುವುದಿಲ್ಲ, ಆದ್ದರಿಂದ ನಸುಕಿನಲ್ಲಿ ಬಯಲಿಗೆ ಹೋದವನೋ ಕುರಿ ಹೊಡೆದುಕೊಂಡು ಹೊರಟವನೋ ಮಾರು ದೂರದಲ್ಲಿ ತಟ್ಟನೆ ಎದುರಾದಾಗ ಎರಡು ಜೀವಗಳೂ ಒಂದೇ ಕ್ಷಣದಲ್ಲಿ ಬೆಚ್ಚುತ್ತವೆ. ಹುಲಿ, ಚಿರತೆಗಳ ನಡುವೆ ಬಾಳಿದ ಈ ಪ್ರಾಣಿಗೆ ಮರ ಹತ್ತಿ ಪಾರಾಗುವ ದಾರಿ ಅಷ್ಟು ನೆಚ್ಚಿಕೆಯದಲ್ಲ, ಹಾಗಾಗಿ ಓಡುವುದಕ್ಕಿಂತ ಮೇಲೆ ಬೀಳುವುದೇ ಅದಕ್ಕೆ ರೂಢಿಯಾಯಿತೆಂದು ಪ್ರಾಣಿವಿಜ್ಞಾನಿಗಳು ಊಹಿಸುತ್ತಾರೆ; ಬೆನ್ನ ಮೇಲೆ ಮರಿಗಳಿದ್ದ ತಾಯಿಯಾದರಂತೂ ಹೇಳಬೇಕಾದುದೇ ಇಲ್ಲ. ಆ ದಾಳಿಯಲ್ಲಿ ಹಸಿವಿನ ಪಾಲಿಲ್ಲ, ಎದುರಿಗಿರುವವನು ಯಾರೆಂಬ ಅರಿವೂ ಇಲ್ಲ.

ಇಷ್ಟಾದರೂ ಮನುಷ್ಯನ ಮನಸ್ಸು ಅಲ್ಲೊಂದು ಉದ್ದೇಶವನ್ನು ಹುಡುಕುತ್ತದೆ. ಅರಸೀಕೆರೆಯ ಸುತ್ತ ಅನೇಕರನ್ನು ಕೊಂದ ಕರಡಿಯೊಂದರ ಕುರಿತು ಬರೆದ ಬೇಟೆಗಾರ ಕೆನೆತ್ ಆಂಡರ್ಸನ್, ಮರಿಗಳನ್ನು ಕಳೆದುಕೊಂಡ ಆ ಕರಡಿ ಮನುಷ್ಯರ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆಯೆಂದು ಸುತ್ತಲಿನ ಜನ ಆಡುತ್ತಿದ್ದ ಮಾತನ್ನೂ ದಾಖಲಿಸಿದ್ದಾನೆ. ಸೇಡೆಂದರೆ ಒಂದು ಕಾರಣ ಸಿಕ್ಕಂತೆ, ಕಾರಣವಿಲ್ಲದ ನೋವಿಗಿಂತ ಕ್ರೂರವಾದ ಕಾರಣವೂ ಸಹ್ಯವೆನಿಸುತ್ತದೆ.

ಭಾರತೀಯ ದರ್ಶನಗಳಲ್ಲಿ ಬಹುಪಾಲು ಈ ಕಾರಣವನ್ನು ಕರ್ಮದಲ್ಲಿ ಕಂಡಿವೆ. ಅವುಗಳ ತರ್ಕಕ್ಕೆ ಬೆನ್ನೆಲುಬಾಗಿರುವುದು ಎರಡು ದೋಷಗಳ ನಿರಾಕರಣೆ: ಮಾಡಿದ ಕರ್ಮ ಫಲ ಕೊಡದೆ ಅಳಿದುಹೋಗುವುದು ಕೃತಹಾನಿ, ಮಾಡದ ಕರ್ಮದ ಫಲ ಬಂದೆರಗುವುದು ಅಕೃತಾಭ್ಯಾಗಮ. ಈ ಎರಡನೆಯ ದೋಷವನ್ನು ನ್ಯಾಯಸೂತ್ರ ತನ್ನ ಮೂರನೆಯ ಅಧ್ಯಾಯದಲ್ಲಿ ಎತ್ತುತ್ತದೆ. ಜಗತ್ತಿನ ವೈಷಮ್ಯಕ್ಕೆ ಈಶ್ವರನನ್ನು ದೂರಲಾಗದು, ಆತನು ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುತ್ತಾನೆಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ವಾದಿಸುವುದೂ ಇದೇ ನೆಲೆಯಿಂದ. ಹಾಗೆಯೇ ಪ್ರಾಣಿಜನ್ಮವನ್ನು ಭೋಗಯೋನಿ, ಅಂದರೆ ಹಿಂದಿನ ಫಲವನ್ನು ಉಣ್ಣುವುದಕ್ಕೆ ಮಾತ್ರ ಮೀಸಲಾದ, ಹೊಸ ಪುಣ್ಯಪಾಪಗಳು ಅಂಟದ ಜನ್ಮವೆಂದು ಬಗೆಯುವ ಪಕ್ಷದಲ್ಲಿ ಕರಡಿ ಪೂರ್ಣವಾಗಿ ನಿರ್ದೋಷಿ. ಆದರೆ ಕರಡಿಗೆ ತಪ್ಪಿದ ಹೊಣೆ ಎಲ್ಲಿಗೆ ಹೋಗಬೇಕು? ಲೆಕ್ಕ ಸರಿಹೋಗಲೇಬೇಕೆಂದು ಹಟ ಹಿಡಿದ ಶಾಸ್ತ್ರದಲ್ಲಿ ಅದು ಗಾಯಗೊಂಡವನ ತಲೆಯ ಮೇಲೆಯೇ ಬಂದು ಕೂರುತ್ತದೆ. ‘ಯಾವ ಜನ್ಮದ ಪಾಪವೋ’ ಎಂದು ಆಸ್ಪತ್ರೆಯ ಹಾಸಿಗೆಯ ಬಳಿ ನಿಂತು ಮರುಗುವ ನೆಂಟನಿಗೆ, ತಾನು ಸಂತೈಸುತ್ತಿಲ್ಲ, ಆರೋಪಪಟ್ಟಿ ಓದುತ್ತಿದ್ದೇನೆ ಎಂಬುದು ಹೊಳೆಯುವುದೇ ಇಲ್ಲ.

ಜೈನಪಕ್ಷ ಇಲ್ಲಿ ಹೆಚ್ಚು ಸೂಕ್ಷ್ಮವಾಗಿದೆ, ಹೆಚ್ಚು ಕಠಿನವೂ ಆಗಿದೆ. ಅದರ ಪ್ರಕಾರ ಪ್ರಾಣಿಯೂ ಕರ್ಮವನ್ನು ಕಟ್ಟಿಕೊಳ್ಳುತ್ತದೆ, ಪ್ರಾಣಿಗೂ ಸಮ್ಯಕ್ತ್ವ, ಅಂದರೆ ಸರಿಯಾದ ಶ್ರದ್ಧೆ, ದಕ್ಕಬಲ್ಲದು; ಮಹಾವೀರನ ಹಿಂದಿನ ಭವಗಳಲ್ಲಿ ಒಂದು ಸಿಂಹದ ಜನ್ಮವೆಂಬುದು ಪ್ರಸಿದ್ಧ. ತಪಸ್ಸಿಗೆ ನಿಂತವನಿಗೆ ದೇವ, ಮನುಷ್ಯ, ಪ್ರಾಣಿ ಅಥವಾ ಅಚೇತನ ವಸ್ತುಗಳಿಂದ ಒದಗುವ ಪೀಡೆಯನ್ನು ಉಪಸರ್ಗವೆಂದು ಅದು ಕರೆಯುತ್ತದೆ. ಹಳಗನ್ನಡ ಗದ್ಯದ ಮೊದಲ ಮಹತ್ಕೃತಿಗಳಲ್ಲಿ ಒಂದಾದ, ಹತ್ತೊಂಬತ್ತು ಕಥೆಗಳ ವಡ್ಡಾರಾಧನೆ ಇಂಥ ಉಪಸರ್ಗಗಳ ಕಥನಕೋಶವೆಂದರೆ ತಪ್ಪಾಗದು. ಅದರ ಮೊದಲ ಕಥೆಯಲ್ಲಿ, ಅತಿ ಸುಕುಮಾರವಾಗಿ ಬೆಳೆದ ಸುಕುಮಾರಸ್ವಾಮಿ ವ್ರತ ತೊಟ್ಟು ಕಾಡಿನ ದಾರಿ ಹಿಡಿದಾಗ ಪಾದಗಳು ಒಡೆದು ರಕ್ತ ಸುರಿಯುತ್ತದೆ, ಆ ಜಾಡು ಹಿಡಿದು ಬಂದ ನರಿ ತನ್ನ ಮರಿಗಳೊಡನೆ ಅವನನ್ನು ಕಾಲಿನಿಂದ ತೊಡಗಿ ತಿನ್ನುತ್ತದೆ. ಹಿಂದಿನ ಭವವೊಂದರಲ್ಲಿ ಅವನಿಂದ ಒದೆ ತಿಂದ ಅತ್ತಿಗೆ, ಆ ಕಾಲನ್ನೇ ತಿನ್ನುವೆನೆಂದು ನಿದಾನ ಕಟ್ಟಿದ್ದಳು. ತಪಸ್ಸು ಅಥವಾ ಪುಣ್ಯದ ಫಲವಾಗಿ ಮುಂದೆ ಇಂಥದೇ ಆಗಲೆಂದು ಬಯಸುವ ಸಂಕಲ್ಪಕ್ಕೆ ನಿದಾನವೆಂದು ಹೆಸರು. ಆ ಅತ್ತಿಗೆಯೇ ಈ ನರಿ. ಸುಕೌಶಳಸ್ವಾಮಿಯ ಕಥೆಯಲ್ಲಿ ಮುನಿಯಾದ ಮಗನನ್ನು ತಿನ್ನುವ ಹೆಣ್ಣುಹುಲಿ ಹಿಂದಿನ ಜನ್ಮದ ತಾಯಿ.

ಮೇಲುನೋಟಕ್ಕೆ ಇವೂ ನೊಂದವನ ಮೇಲೆಯೇ ಹೊಣೆ ಹೊರಿಸುವ ಕಥೆಗಳು. ಆದರೆ ಕಥನದ ಕಟ್ಟನ್ನು ಗಮನಿಸಿದರೆ ಬೇರೊಂದು ಸಂಗತಿ ಕಾಣುತ್ತದೆ. ಭವಾವಳಿಯನ್ನು, ಅಂದರೆ ಜನ್ಮಗಳ ಸಾಲನ್ನು, ತಿಳಿಸಬಲ್ಲವನು ವಿಶೇಷ ಜ್ಞಾನವುಳ್ಳ ಮುನಿ ಮಾತ್ರ. ದಾರಿಹೋಕನಿಗಾಗಲಿ ಬಂಧುವಿಗಾಗಲಿ ಆ ಅಧಿಕಾರವಿಲ್ಲ. ಮತ್ತು ಸುಕುಮಾರನು ಆ ಯಾತನೆಯನ್ನು ಸಮಭಾವದಿಂದ ತಾಳುವುದು ತನ್ನ ಆಯ್ಕೆಯಿಂದ. ಬೇರೆ ಯಾರೂ ಅದನ್ನು ಅವನಿಗೆ ಬೋಧಿಸಿ ಹೇರುವುದಿಲ್ಲ. ಕರ್ಮದ ಮಾತು ತನ್ನ ಬಗ್ಗೆ ತಾನೇ ಆಡಿಕೊಂಡಾಗ ಸೈರಣೆಯ ಸಾಧನವಾಗಬಲ್ಲದು, ಇನ್ನೊಬ್ಬನ ಬಗ್ಗೆ ಆಡಿದಾಗ ಅದು ಗಾಯದ ಮೇಲಿನ ಗಾಯ. ಸಿದ್ಧಾಂತ ಒಂದೇ ಆಗಿದ್ದರೂ ಆಡುವ ಬಾಯಿ ಬದಲಾದಾಗ ಅದರ ಧಾರ್ಮಿಕ ಮೌಲ್ಯವೇ ಬದಲಾಗುತ್ತದೆ ಎಂಬುದನ್ನು ಕರ್ಮಸಿದ್ಧಾಂತದ ವ್ಯಾಖ್ಯಾನಕಾರರು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಇದೇ ತೊಡಕು ಪೂರ್ತಿ ಬೇರೆಯಾದ ಲೋಕವೊಂದರಲ್ಲಿ ಮೈದಾಳಿದ ಉದಾಹರಣೆ ಫ್ರಾನ್ಸಿನ ಮಾನವಶಾಸ್ತ್ರಜ್ಞೆ ನಾಸ್ತಾಸ್ಯಾ ಮಾರ್ತಾಂ ಅವರದು. ರಷ್ಯಾದ ಪೂರ್ವತುದಿಯ ಕಮ್ಚಾಟ್ಕಾ ಪರ್ಯಾಯದ್ವೀಪದಲ್ಲಿ ಎವೆನ್ ಎಂಬ ಬುಡಕಟ್ಟಿನ ಬದುಕನ್ನು ಅಧ್ಯಯನ ಮಾಡುತ್ತಿದ್ದ ಅವರ ಮೇಲೆ 2015ರ ಆಗಸ್ಟಿನಲ್ಲಿ ಕಂದುಕರಡಿಯೊಂದು ಎರಗಿ, ಮುಖವನ್ನು ಕಚ್ಚಿ, ದವಡೆಯ ಒಂದು ಭಾಗವನ್ನು ಕಿತ್ತುಕೊಂಡಿತು. ಮಂಜಿನ ಬೆಟ್ಟ ಹತ್ತಲು ಬಳಸುವ ಗುದ್ದಲಿಯಿಂದ ಅವರು ಹೊಡೆದ ಪೆಟ್ಟಿಗೆ ಅದೂ ಗಾಯಗೊಂಡು ಓಡಿತು. ಆ ಮೇಲಿನ ಕಾಲದ ಕುರಿತ ಅವರ ಪುಸ್ತಕ 2019ರಲ್ಲಿ ಪ್ರಕಟವಾಯಿತು. ರಷ್ಯಾದ ವೈದ್ಯರು ದವಡೆಗೆ ಕೂರಿಸಿದ್ದ ಲೋಹದ ಪಟ್ಟಿಯನ್ನು ಫ್ರಾನ್ಸಿನ ವೈದ್ಯರು ತೆಗೆದು ತಮ್ಮದನ್ನು ಕೂರಿಸಿದರು, ಬಳಿಕ ಸೋಂಕು ತಗುಲಿತು, ಶಸ್ತ್ರಚಿಕಿತ್ಸೆಗಳು ಬೆಳೆಯುತ್ತಾ ಹೋದವು. ದೇಹದಷ್ಟೇ ಆ ಘಟನೆಯ ಅರ್ಥವೂ ಎಳೆದಾಟಕ್ಕೆ ಸಿಕ್ಕಿತು. ಮುಖವೇ ಮನುಷ್ಯನ ಗುರುತಲ್ಲವೆ ಎಂದು ಮನಶ್ಶಾಸ್ತ್ರಜ್ಞೆಯೊಬ್ಬರು ಕಳವಳ ತೋರಿದರು. ಕರಡಿಯೆಂಬುದು ಮಾರ್ತಾಂ ಅವರೊಳಗಿನ ಯಾವುದೋ ಆವೇಗದ ಪ್ರತಿಬಿಂಬವಿರಬೇಕೆಂಬ ವ್ಯಾಖ್ಯಾನಗಳೂ ಬಂದವು. ಎವೆನ್ ಜನರಲ್ಲಿ ಕರಡಿಯ ಬಾಯಿಂದ ಪಾರಾಗಿ ಬಂದವರಿಗೆ ‘ಮೆದ್ಕಾ’ ಎಂಬ ಹೆಸರಿದೆ. ಅಂಥವರು ಅರ್ಧ ಮನುಷ್ಯ, ಅರ್ಧ ಕರಡಿ, ಎರಡು ಲೋಕಗಳ ಗಡಿಯಲ್ಲಿ ಇರುವವರೆಂಬ ನಂಬಿಕೆಯಿಂದ ಕೆಲವರು ಅವರಿಂದ ದೂರ ಉಳಿಯುತ್ತಾರೆ.

ಮಾರ್ತಾಂ ಈ ಎರಡು ಬಗೆಯ ವಿವರಣೆಗಳಲ್ಲಿ ಯಾವುದಕ್ಕೂ ಪೂರ್ತಿ ಒಪ್ಪಿಸಿಕೊಳ್ಳದೆ, ತನ್ನ ಮತ್ತು ಕರಡಿಯ ಭೇಟಿ ಬರಿಯ ಆಕಸ್ಮಿಕವಲ್ಲವೆಂಬ ಭಾವವನ್ನೂ ಬಿಡದೆ, ಕರಡಿಯನ್ನು ಕರಡಿಯಾಗಿಯೇ ಉಳಿಸಿಕೊಳ್ಳಲು ಹೆಣಗುತ್ತಾರೆ. ಅವರ ನಿಲುವಿನಲ್ಲಿ ಅಸ್ಪಷ್ಟತೆಯಿದೆ, ಕೆಲವೆಡೆ ಅದು ಕಾವ್ಯದ ಮೋಹಕ್ಕೂ ಬೀಳುತ್ತದೆ. ಆದರೂ ಚೇತರಿಕೆಯ ಬಗ್ಗೆ ಅವರು ಕಂಡುಕೊಂಡದ್ದು ಗಟ್ಟಿಯಾದದ್ದು: ಹಿಂದಿದ್ದ ಮುಖವೂ ಹಿಂದಿದ್ದ ಬದುಕೂ ಮರಳುವುದಿಲ್ಲ, ಬದಲಾದ ದೇಹದಲ್ಲಿ ನೆಲೆಸುವುದನ್ನು ಹೊಸದಾಗಿ ಕಲಿಯಬೇಕು, ಆ ಕಲಿಕೆಗೆ ಮುನ್ನ ಅರ್ಥ ತೀರ್ಮಾನವಾಗಲೇಬೇಕೆಂದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅವರು ಅದೇ ಕಮ್ಚಾಟ್ಕಾಕ್ಕೆ, ಅದೇ ಎವೆನ್ ಕುಟುಂಬದ ಬಳಿಗೆ ಹಿಂದಿರುಗಿದರು.

ಕಲ್ಲುಗುಡ್ಡದ ಸೀಮೆಯ ಕುರಿಗಾಹಿಗೆ ಪುಸ್ತಕ ಬರೆಯುವ ಬಿಡುವಿಲ್ಲ, ಆದರೆ ಹಿಂದಿರುಗುವ ಅನಿವಾರ್ಯತೆ ಅವನಿಗೆ ಇನ್ನೂ ಹೆಚ್ಚು. ಹೊಲಿಗೆ ಮಾಯುವ ಮುನ್ನವೇ ಮಂದೆಯನ್ನು ಅದೇ ಗುಡ್ಡದ ಬುಡಕ್ಕೆ ಹೊಡೆದುಕೊಂಡು ಹೋಗಬೇಕಾಗುತ್ತದೆ. ಅವನ ವಿಷಯದಲ್ಲಿ ಅಕೃತಾಭ್ಯಾಗಮದ ಪ್ರಶ್ನೆ ಜನ್ಮಾಂತರಕ್ಕೆ ಹೋಗದೆಯೇ ಉತ್ತರ ಪಡೆಯಬಲ್ಲದು. ಗುಡ್ಡಗಳನ್ನು ಗಣಿಗೂ ಕಲ್ಲುಕ್ವಾರಿಗೂ ಒಡೆದದ್ದರಿಂದ, ಕುರುಚಲು ಕಾಡು ಹೊಲವಾದದ್ದರಿಂದ ಕರಡಿಯ ದಾರಿ ಶೇಂಗಾ, ಮೆಕ್ಕೆಜೋಳದ ಹೊಲಗಳ ನಡುವೆ ಬಂತು. ಲಾಭ ಒಂದು ಕಡೆ ಕ್ರೋಡೀಕರಣಗೊಂಡಿತು, ಉಗುರು ಇನ್ನೊಬ್ಬನ ಮುಖಕ್ಕೆ ತಾಗಿತು. ಮಾಡಿದವರಿಗೆ ಫಲವಿಲ್ಲ, ಮಾಡದವನಿಗೆ ಫಲ ಬಂತು ಎಂಬಲ್ಲಿ ಶಾಸ್ತ್ರಕಾರರು ಅಸಾಧ್ಯವೆಂದು ತಳ್ಳಿಹಾಕಿದ ಎರಡೂ ದೋಷಗಳು ಒಂದೇ ಘಟನೆಯಲ್ಲಿ ಕೂಡಿವೆ. 1994ರಲ್ಲಿ ದರೋಜಿಯಲ್ಲಿ ಕರಡಿಗಳಿಗೆಂದೇ ಧಾಮ ಘೋಷಣೆಯಾದದ್ದು ಕರಡಿಯ ಪಾಲಿನ ಋಣವನ್ನು ಒಂದಿಷ್ಟು ಒಪ್ಪಿಕೊಂಡಂತೆ. ಗಾಯಾಳುವಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವುದುಂಟು. ಆದರೆ ಅದು ಬರುವುದು ಸರ್ಕಾರದ ದಯೆಯ ರೂಪದಲ್ಲಿ, ತೀರಿಸಲೇಬೇಕಾದ ಸಾಲದ ರೂಪದಲ್ಲಲ್ಲ. ಕಳೆದುಹೋದ ಕಣ್ಣನ್ನು ಅಂಗವೈಕಲ್ಯದ ಶೇಕಡಾವಾರಿನಲ್ಲಿ ಅಳೆಯಬಹುದು. ನಸುಕಿನಲ್ಲಿ ಪೊದೆ ಅಲುಗಿದಾಗ ಮರಗಟ್ಟುವ ಕೈಕಾಲನ್ನಾಗಲಿ, ಜಾತ್ರೆಯಲ್ಲಿ ಮುಖ ನೋಡಿ ಹಿಂದೆ ಸರಿಯುವ ಮಕ್ಕಳನ್ನಾಗಲಿ ದಾಖಲಿಸುವ ಅಂಕಣ ಆ ಅರ್ಜಿಯಲ್ಲಿಲ್ಲ.