ಕಾಫಿಯ ಮನೆಯವರನ್ನು ನೆನೆಯುವಾಗ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಸಾಗುವ ದಾರಿಯಲ್ಲಿ ಕುಪ್ಪಳ್ಳಿ ಸಿಗುತ್ತದೆ. ನಮ್ಮ ಧರ್ಮಕೇಂದ್ರಗಳ ಮಕ್ಕಳು ಶಾಲಾ ಪ್ರವಾಸದಲ್ಲಿ ಒಮ್ಮೆಯಾದರೂ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಕವಿಮನೆಯ ಕಂಬಗಳನ್ನು ಮುಟ್ಟಿ, ಗುಡ್ಡ ಹತ್ತಿ, ಕವಿಶೈಲದ ಕಲ್ಲುಗಳ ನಡುವೆ ನಿಂತರೆ ಯಾರೂ ಹೇಳದೆಯೇ ಮಾತು ಮೆಲ್ಲಗಾಗುತ್ತದೆ. 1994ರ ನವೆಂಬರಿನಲ್ಲಿ ತೀರಿಕೊಂಡ ಕುವೆಂಪು ಅವರನ್ನು ಮಣ್ಣು ಮಾಡಿದ್ದು ಅಲ್ಲಿಯೇ. ಅವರ ಮಗ, ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಬರೆದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ಅಗಲಿದರು. ಅವರ ಸ್ಮಾರಕವೂ ಕುಪ್ಪಳ್ಳಿಯಲ್ಲಿದೆ. ಇಂತಹವರನ್ನು ನೆನೆಯುವುದು ಕಷ್ಟದ ಕೆಲಸವಲ್ಲ. ತುಂಬಿದ ಬಾಳು, ಬರೆದಿಟ್ಟ ಪುಸ್ತಕಗಳು, ಊರವರೆಲ್ಲ ಒಪ್ಪಿದ ಗೌರವ. ನಮ್ಮ ಕೈಯಲ್ಲಿ ಹೂವಿದ್ದರೆ ಅದನ್ನು ಎಲ್ಲಿಡಬೇಕೆಂಬುದೂ ಗೊತ್ತಿರುತ್ತದೆ.

ಪ್ರಿಯ ಓದುಗರೇ, ಹಾಗೆ ಸುಲಭವಾಗಿ ನೆನೆಯಲಾಗದವರ ಬಗ್ಗೆ ಇಂದು ನಿಮ್ಮೊಡನೆ ಯೋಚಿಸಬೇಕೆಂದಿದ್ದೇನೆ. ಕುಪ್ಪಳ್ಳಿಯನ್ನು ದಾಟಿ ಕೊಪ್ಪ, ಬಾಳೆಹೊನ್ನೂರು, ಚಿಕ್ಕಮಗಳೂರುಗಳ ಕಡೆಗೆ ಹೋದಂತೆ ಅಡಿಕೆಯ ಸೀಮೆ ಹಿಂದೆ ಸರಿದು ಕಾಫಿಯ ಸೀಮೆ ಎದುರಾಗುತ್ತದೆ. ಆ ಸೀಮೆಯಲ್ಲಿ ಹುಟ್ಟಿ, ನಾಡಿಗೆಲ್ಲ ಕಾಫಿಯ ಮನೆಗಳನ್ನು ತೆರೆದು, ಕಡಲಂಚಿನ ನದಿಯೊಂದರಲ್ಲಿ ಬದುಕು ಮುಗಿದುಹೋದ ಒಬ್ಬರಿದ್ದರು. ಅವರು ವಿ.ಜಿ. ಸಿದ್ಧಾರ್ಥ. 2019ರ ಜುಲೈ 29ರ ಸಂಜೆ ಮಂಗಳೂರಿನ ಬಳಿ ಉಳ್ಳಾಲದ ನೇತ್ರಾವತಿ ಸೇತುವೆಯಲ್ಲಿ ಅವರು ಕಾಣೆಯಾದರು. 31ರ ಮುಂಜಾನೆ ಹೊಯಿಗೆ ಬಜಾರಿನ ಬಳಿ ಮೀನುಗಾರರಿಗೆ ಅವರ ದೇಹ ಸಿಕ್ಕಿತು. ಅಂದೇ ಚೇತನಹಳ್ಳಿಯ ತೋಟದಲ್ಲಿ ಅಂತ್ಯಕ್ರಿಯೆ ನಡೆಯಿತು. ದೂರದರ್ಶನದ ಮುಂದೆ ಕುಳಿತು ಆ ಎರಡು ದಿನ ನೀವೂ ಕಾದಿರಬಹುದು.

ಅವರು ಮಾಡಿದ್ದೇನು ಎಂಬುದನ್ನು ಮೊದಲು ಹೇಳಬೇಕು. 1990ರ ದಶಕದ ಆರಂಭದವರೆಗೂ ಬೆಳೆಗಾರನು ತನ್ನ ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು; ತೋಟದ ಗೇಟು ದಾಟಿದ ಮೇಲೆ ಆ ಬೀಜ ಯಾರ ಬಟ್ಟಲು ಸೇರುತ್ತದೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಆ ಕಟ್ಟು ಸಡಿಲವಾಗುತ್ತಿದ್ದ ಕಾಲದಲ್ಲಿ ಸಿದ್ಧಾರ್ಥ ಅವರು ಕಾಫಿ ವ್ಯಾಪಾರಕ್ಕೆ ಇಳಿದು, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಇಂಟರ್ನೆಟ್ ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಯೂ ಇರದಿದ್ದ ಆ ದಿನಗಳಲ್ಲಿ ಕಾಫಿಯ ಜೊತೆಗೆ ಅದನ್ನೂ ಅಲ್ಲಿ ಒದಗಿಸಿದ್ದರು. 2019ರ ಹೊತ್ತಿಗೆ ಅಂತಹ ಮಳಿಗೆಗಳು 1,700ಕ್ಕೂ ಹೆಚ್ಚಾಗಿದ್ದವು.

ಆ ಮಳಿಗೆಗಳ ಕಾಫಿಯ ಬೆಲೆ ಕೇಳಿ ನಮ್ಮ ಹಿರಿಯರು ಹುಬ್ಬೇರಿಸಿದ್ದುಂಟು. ಹಿತ್ತಾಳೆಯ ಲೋಟದಲ್ಲಿ ಹಬೆಯಾಡುವ ಫಿಲ್ಟರ್ ಕಾಫಿಗೆ ನೊರೆ ತುಂಬಿದ ಕಪ್ಪುಚಿನೊ ಸಾಟಿಯಲ್ಲವೆಂದೇ ನಾನಿಂದಿಗೂ ನಂಬಿದ್ದೇನೆ. ಆದರೆ ಅಲ್ಲಿ ಹೋಗುತ್ತಿದ್ದ ಯುವಜನರು ಬೆಲೆ ಕೊಡುತ್ತಿದ್ದುದು ಬಟ್ಟಲಿಗಲ್ಲ, ಕುರ್ಚಿಗೆ. ಒಂದು ಕಾಫಿ ತರಿಸಿಕೊಂಡು ಎರಡು ಗಂಟೆ ಕುಳಿತರೂ ‘ಎದ್ದೇಳಿ, ಬೇರೆಯವರು ಕಾಯುತ್ತಿದ್ದಾರೆ’ ಎನ್ನುವವರಿರಲಿಲ್ಲ. ಹಾಡು ಬರೆಯುವವನು, ಕೆಲಸ ಹುಡುಕುವವಳು, ಮನೆಯಲ್ಲಿ ಮಾತನಾಡಲು ಜಾಗವಿಲ್ಲದವರು, ಎಲ್ಲರಿಗೂ ಒಂದು ಮೇಜು. ಇದು ಹೊಸ ಸಂಗತಿಯೇನಲ್ಲ. ಮೈಸೂರಿನ ಕಾಫಿ ಹೌಸಿನಲ್ಲಿ ಗೋಪಾಲಕೃಷ್ಣ ಅಡಿಗರ ಮೇಜಿನ ಸುತ್ತ ಕುಳಿತು ಬೆಳೆದವರಲ್ಲಿ ನಮ್ಮ ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರೂ ಒಬ್ಬರು. ಅವಸರವಿಲ್ಲದೆ ಕುಳಿತುಕೊಳ್ಳಲು ಜಾಗ ಕೊಡುವುದು ಆತಿಥ್ಯದ ಮೊದಲ ಪಾಠ. ಮಲೆನಾಡಿನ ಜಗಲಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವುದೂ ಅದನ್ನೇ.

ಇನ್ನೊಂದು ಮಾತನ್ನು ಇಲ್ಲಿ ಬಿಡುವಂತಿಲ್ಲ. ಚಿಕ್ಕಮಗಳೂರಿನಲ್ಲಿ ಹಳ್ಳಿಯ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ದೇಶದ ದೊಡ್ಡ ನಗರಗಳ ಆ ಮಳಿಗೆಗಳಲ್ಲಿ ಅವರನ್ನು ಕೆಲಸಕ್ಕೆ ಇಟ್ಟುಕೊಂಡರು. ಕೂಲಿಯ ಮನೆಯ ಮಗ ದೆಹಲಿಯಲ್ಲೋ ಮುಂಬಯಿಯಲ್ಲೋ ನೆಟ್ಟಗೆ ನಿಂತು ಕಾಫಿ ಬಡಿಸಿ, ತಿಂಗಳ ಕೊನೆಗೆ ಮನೆಗೆ ಹಣ ಕಳುಹಿಸುವುದೆಂದರೆ ಏನೆಂಬುದನ್ನು ಮಲೆನಾಡಿನ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಅವರ ಸಾವಿನ ದಿನ ಚಿಕ್ಕಮಗಳೂರಿನ ರಸ್ತೆಗಳಲ್ಲಿ ಅತ್ತ ಜನ ಶ್ರೀಮಂತನೊಬ್ಬನಿಗಾಗಿ ಅತ್ತವರಲ್ಲ, ಅನ್ನ ಕೊಟ್ಟವರಿಗಾಗಿ ಅತ್ತವರು.

ಇಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ಅವರು ಹೋದ ಮೇಲೆ ಹೊರಬಂದ ಲೆಕ್ಕಗಳೂ ಇವೆ. ಅವರ ಸಂಸ್ಥೆಯ ಮೇಲೆ 7,000 ಕೋಟಿ ರೂಪಾಯಿಗೂ ಹೆಚ್ಚು ಸಾಲವಿತ್ತು. ಅವರು ಬರೆದರೆನ್ನಲಾದ ಪತ್ರದಲ್ಲಿ ಸಾಲಕೊಟ್ಟವರ ಹಾಗೂ ತೆರಿಗೆ ಅಧಿಕಾರಿಗಳ ಒತ್ತಡದ ಮಾತಿತ್ತು. ತಪ್ಪುಗಳಿಗೆಲ್ಲ ತಾನೊಬ್ಬನೇ ಹೊಣೆಯೆಂಬ ಮಾತೂ ಇತ್ತು. ತೆರಿಗೆ ಇಲಾಖೆ ಆ ಆರೋಪವನ್ನು ಅಲ್ಲಗಳೆಯಿತು. 2023ರ ಜನವರಿಯಲ್ಲಿ ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ, ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಅವರ ಕುಟುಂಬದ ಕಂಪನಿಯೊಂದಕ್ಕೆ ಹೋಗಿದೆಯೆಂದು ಹೇಳಿ, ಸಂಸ್ಥೆಗೆ 26 ಕೋಟಿ ದಂಡ ವಿಧಿಸಿತು. ಷೇರು ಕೊಂಡ ಸಾಮಾನ್ಯರೂ ಇದರಲ್ಲಿ ನೊಂದವರೇ.

ಹಾಗಾದರೆ ಇವರನ್ನು ಹೇಗೆ ನೆನೆಯಬೇಕು? ನಮ್ಮೆದುರು ಎರಡು ಸುಲಭದ ದಾರಿಗಳಿವೆ. ಒಂದು, ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ಪಟಕ್ಕೆ ಹಾರ ಹಾಕುವುದು. ಇನ್ನೊಂದು, ಲೆಕ್ಕದ ಪುಸ್ತಕವನ್ನೂ ಕೊನೆಯ ಸಂಜೆಯನ್ನೂ ಮಾತ್ರ ಎತ್ತಿ ಹಿಡಿದು, ‘ಅಂತಹವರ ಗತಿಯೇ ಅಷ್ಟು’ ಎಂದು ತಲೆಯಾಡಿಸುವುದು. ಎರಡರಲ್ಲೂ ಸತ್ತವರು ನಮ್ಮ ಕೈಯಲ್ಲಿ ಎರಡನೆಯ ಸಲ ಸಾಯುತ್ತಾರೆ. ಪ್ರೀತಿಗೆ ಸುಳ್ಳಿನ ಆಸರೆ ಬೇಕಾಗಿಲ್ಲ. ಯೊಪ್ಪದ ದೊರ್ಕಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಆಕೆ ಹೊಲಿದುಕೊಟ್ಟ ಅಂಗಿಗಳನ್ನು ಪೇತ್ರನಿಗೆ ತೋರಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಆ ವಿಧವೆಯರು ಆಕೆಯನ್ನು ಹೊಗಳಲಿಲ್ಲ, ಕೊಟ್ಟದ್ದನ್ನು ಎತ್ತಿ ತೋರಿಸಿದರು. ಸಿದ್ಧಾರ್ಥರ ವಿಷಯದಲ್ಲಿಯೂ ತೋರಿಸಲು ಅಂಗಿಗಳಿವೆ, ತೀರದ ಸಾಲಗಳೂ ಇವೆ. ಎರಡನ್ನೂ ಮೇಜಿನ ಮೇಲೆ ಇಡೋಣ. ಒಂದನ್ನು ತೋರಿಸಿದ ಮಾತ್ರಕ್ಕೆ ಇನ್ನೊಂದು ಇಲ್ಲವಾಗುವುದಿಲ್ಲ.

ಆದರೆ ಮೂರನೆಯದೊಂದಿದೆ, ಆ ನದಿ. ಅದರ ಬಗ್ಗೆಯೇ ನಮ್ಮ ನಾಲಿಗೆಗಳು ತಡವರಿಸುವುದು.

ಅವರು ನಮ್ಮ ವಿಶ್ವಾಸದವರಲ್ಲ. ಮಂಗಳೂರಿನ ನಮ್ಮ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದವರು ಎಂಬುದಷ್ಟೇ ನಂಟು. ಆದರೆ ಅವರ ಸಾವು ಎಬ್ಬಿಸಿದ ಪ್ರಶ್ನೆ ನಮ್ಮ ಧರ್ಮಕೇಂದ್ರಗಳ ಒಳಗಿದೆ. ಮಲೆನಾಡಿನಲ್ಲಿ ಸಾಲವೆಂದರೆ ಹಣದ ಲೆಕ್ಕ ಮಾತ್ರವಲ್ಲ, ಮಾನದ ಲೆಕ್ಕ. ಅಡಿಕೆಗೆ ಕೊಳೆ ಬಂದ ವರ್ಷ, ಮಗಳ ಮದುವೆಯ ವರ್ಷ, ಬ್ಯಾಂಕಿನ ನೋಟೀಸು ಬಾಗಿಲಿಗೆ ಬಂದ ವರ್ಷ ಯಾವ ಮನೆಯ ಯಜಮಾನ ಮಾತು ಕಡಿಮೆ ಮಾಡಿದನೆಂಬುದು ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ. ತಾವೇ ಪ್ರಾಣ ಕಳೆದುಕೊಂಡವರಿರುವ ಮನೆಗಳು ನಮ್ಮಲ್ಲಿಯೂ ಇವೆ. ಅಂತಹ ಮನೆಗಳಲ್ಲಿ ಪಟ ಗೋಡೆಯಿಂದ ಕೆಳಗಿಳಿಯುತ್ತದೆ, ವರ್ಷದ ಪೂಜೆಗೆ ನೆಂಟರು ಬರುವುದು ಕಡಿಮೆಯಾಗುತ್ತದೆ. ತನ್ನ ಮಗನಿಗಾಗಿ ಬಲಿಪೂಜೆ ಬರೆಸಲು ಬಂದ ತಾಯಿಯೊಬ್ಬರು ಕಾಣಿಕೆಯನ್ನು ಮೇಜಿನ ಮೇಲಿಟ್ಟು, ‘ಸ್ವಾಮಿ, ಹೆಸರನ್ನು ಮಾತ್ರ ಗಟ್ಟಿಯಾಗಿ ಓದಬೇಡಿ’ ಎಂದು ಕೇಳಿಕೊಂಡರು. ಮಗನನ್ನು ಕಳೆದುಕೊಂಡ ದುಃಖ ಒಂದು ಕಡೆಗಾದರೆ, ಅವನ ಹೆಸರನ್ನೂ ಕಳೆದುಕೊಳ್ಳಬೇಕಾಗಿ ಬಂದದ್ದು ಇನ್ನೊಂದು.

ಈ ಭಯ ಬರಿಯ ಊರಿನ ಬಾಯಿಂದ ಬಂದದ್ದಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. 1917ರ ಧರ್ಮಸಭೆಯ ಕಾನೂನು ಸಂಹಿತೆ, ತಿಳಿದೂ ತಿಳಿದು ತಮ್ಮ ಜೀವ ತೆಗೆದುಕೊಂಡವರಿಗೆ ಧರ್ಮಸಭೆಯ ಉತ್ತರಕ್ರಿಯೆಯನ್ನು ನಿರಾಕರಿಸಿತ್ತು. ಸಿಮಿತ್ರಿಯ ಬೇಲಿಯಾಚೆ ಗುಂಡಿ ತೋಡಿದ ಕಥೆಗಳನ್ನು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. 1983ರ ಹೊಸ ಸಂಹಿತೆಯಲ್ಲಿ ಆ ನಿರಾಕರಣೆ ಇಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಜೀವ ನಮ್ಮ ಸ್ವತ್ತಲ್ಲ, ನಾವು ಅದರ ಪಾರುಪತ್ಯಗಾರರು ಮಾತ್ರ, ಅದನ್ನು ಮುಗಿಸುವ ಹಕ್ಕು ನಮಗಿಲ್ಲ ಎಂಬುದನ್ನು ಅದು ಎಳ್ಳಷ್ಟೂ ಸಡಿಲಿಸುವುದಿಲ್ಲ. ಆದರೆ ತೀವ್ರವಾದ ಮನೋವ್ಯಾಕುಲತೆ, ದೊಡ್ಡ ಭಯ, ಯಾತನೆಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು. ಅಂತಹವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು. ದೇವರು ತಾನೊಬ್ಬನೇ ಬಲ್ಲ ಮಾರ್ಗಗಳಲ್ಲಿ ಪಶ್ಚಾತ್ತಾಪಕ್ಕೆ ಅವಕಾಶ ಕೊಡಬಲ್ಲನು. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ, ಎನ್ನುತ್ತದೆ. ಪಾಪದ ಗುರುತ್ವಕ್ಕೆ ಪೂರ್ಣ ಅರಿವೂ ಪೂರ್ಣ ಸಮ್ಮತಿಯೂ ಬೇಕೆಂದು ಗುರುಮಠದಲ್ಲಿ ನಮಗೆ ಕಲಿಸಿದ್ದು ಹಳೆಯ ಪಾಠವೇ. ಆ ಹಳೆಯ ಪಾಠವನ್ನು ಈ ಸಾವುಗಳಿಗೂ ಅನ್ವಯಿಸಲು ಇಷ್ಟು ಕಾಲ ಹಿಡಿಯಿತು.

ನಮ್ಮಂತಹ ಧರ್ಮಕೇಂದ್ರದ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಬಗ್ಗೆ ಹೇಳಿಕೊಂಡು ಬಂದಿರುವ ಪ್ರಸಂಗವೊಂದಿದೆ. ಗಂಡ ಸೇತುವೆಯಿಂದ ನದಿಗೆ ಹಾರಿ ಸತ್ತನೆಂದು, ಅವನಿಗೆ ಇನ್ನು ಗತಿಯಿಲ್ಲವೆಂದು ಕುಗ್ಗಿದ್ದ ವಿಧವೆಯೊಬ್ಬಳು ಆರ್ಸ್ ಊರಿಗೆ ಬಂದಳಂತೆ. ಜನಜಂಗುಳಿಯ ನಡುವೆ ಅವಳು ಬಾಯಿ ತೆರೆಯುವ ಮುನ್ನವೇ ಸಂತರು ಅವಳ ಬಳಿ ನಿಂತು, ಸೇತುವೆಯ ಅಂಚಿಗೂ ನೀರಿಗೂ ನಡುವೆ ಅವನಿಗೆ ದೇವರ ಕಡೆ ತಿರುಗಲು ಸಮಯ ಸಿಕ್ಕಿತ್ತು ಎಂದರಂತೆ. ವಿಯಾನ್ನಿ ತೀರಿಕೊಂಡದ್ದು 1859ರಲ್ಲಿ. ಕಾನೂನು ಬಿಗಿಯಾಗಿದ್ದ ಆ ಕಾಲದಲ್ಲಿಯೇ ಒಬ್ಬ ಹಳ್ಳಿಯ ಗುರು ಆ ಸೇತುವೆಗೂ ನೀರಿಗೂ ನಡುವಿನ ಜಾಗವನ್ನು ಕಂಡಿದ್ದರು. ಅಲ್ಲಿ ಏನು ನಡೆಯಿತೆಂದು ತೀರ್ಪು ಕೊಡಲು ನಾವ್ಯಾರೂ ಅಲ್ಲಿರಲಿಲ್ಲ.

ಓದುಗರಲ್ಲಿ ಕೆಲವರಿಗೆ ಆತಂಕವಾಗಬಹುದು: ಹೀಗೆ ಕರುಣೆಯಿಂದ ಮಾತನಾಡಿದರೆ, ಸಂಕಟದಲ್ಲಿರುವವನಿಗೆ ಅದೇ ದಾರಿ ತೋರಿಸಿದಂತಾಗುವುದಿಲ್ಲವೇ? ಇದು ಕಡೆಗಣಿಸುವ ಪ್ರಶ್ನೆಯಲ್ಲ. ನನ್ನ ಅನುಭವದಲ್ಲಿ ಮನುಷ್ಯನನ್ನು ಅಂಚಿಗೆ ದೂಡುವುದು ಕರುಣೆಯ ಮಾತಲ್ಲ, ‘ಇನ್ನು ಯಾರಿಗೂ ಹೇಳಲಾರೆ’ ಎಂಬ ಏಕಾಂತ. ಸತ್ತವರ ಬಗ್ಗೆ ಊರು ಹೇಗೆ ಪಿಸುಗುಟ್ಟುತ್ತದೆಂಬುದನ್ನು ಸಂಕಟದಲ್ಲಿರುವವನು ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿರುತ್ತಾನೆ. ಸೋತವನಿಗೆ ಇಲ್ಲಿ ಜಾಗವಿಲ್ಲವೆಂದು ಅವನು ಅದರಿಂದ ಕಲಿಯುತ್ತಾನೆ, ಕಲಿತು ಬಾಯಿ ಮುಚ್ಚಿಕೊಳ್ಳುತ್ತಾನೆ. ಪ್ರವಾದಿ ಎಲೀಯನನ್ನು ನೆನೆಯಿರಿ. ಮರುಭೂಮಿಯಲ್ಲಿ ಜಾಲಿಯಂತಹ ಗಿಡವೊಂದರ ಕೆಳಗೆ ಕುಸಿದು, ತನಗೆ ಸಾವು ಬರಲೆಂದು ಬೇಡಿದವನು ಆತ. ದೇವದೂತ ಬಂದು ಗದರಲಿಲ್ಲ, ಉಪದೇಶಿಸಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ಒಂದು ತಂಬಿಗೆ ನೀರನ್ನೂ ತಲೆಯ ಬಳಿ ಇಟ್ಟು ಎಬ್ಬಿಸಿದ. ತಿಂದು ಎಲೀಯ ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದ. ಆ ಎರಡನೆಯ ಸಲ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸದೆ ಓದಿಬಿಡುತ್ತೇವೆ.

ಕಡಲ ತಡಿಯ ಇನ್ನೊಂದು ಬೆಳಗೂ ಇದೆ. ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಇದ್ದಲ ಬೆಂಕಿ ಹೊತ್ತಿಸಿ, ರೊಟ್ಟಿ ಮೀನು ಸಿದ್ಧಮಾಡಿಕೊಂಡು ಶಿಷ್ಯರನ್ನು ಊಟಕ್ಕೆ ಕರೆದರು. ಮೂರು ಸಲ ತನ್ನನ್ನು ಅರಿಯೆನೆಂದ ಪೇತ್ರ ಎದುರಿಗೇ ಇದ್ದ. ಮೊದಲು ಊಟ ಮುಗಿಯಿತು, ಪ್ರಶ್ನೆ ಆಮೇಲೆ ಬಂತು. ಯೂದನೂ ಬದುಕಿ ಆ ದಡಕ್ಕೆ ಬಂದಿದ್ದರೆ ಅವನಿಗೂ ಒಂದು ತುಂಡು ರೊಟ್ಟಿ ಇರುತ್ತಿತ್ತೇ ಎಂದು ಧ್ಯಾನಕೂಟವೊಂದರಲ್ಲಿ ಯುವಕನೊಬ್ಬ ಕೇಳಿದ. ಇರುತ್ತಿತ್ತೆಂದೇ ನಾನು ನಂಬುತ್ತೇನೆ.

ಲಕ್ಷಾಂತರ ಜನರಿಗೆ ಕುಳಿತು ಮನಸ್ಸು ಬಿಚ್ಚಲು ಮೇಜು ಹಾಕಿಸಿಕೊಟ್ಟವರಿಗೆ ಜುಲೈ ತಿಂಗಳ ಆ ದಿನಗಳಲ್ಲಿ ತಾವು ಕುಳಿತುಕೊಳ್ಳಬಹುದಾದ ಮೇಜೊಂದು ಸಿಕ್ಕಿತೇ, ಸಿಕ್ಕಿಯೂ ಸಾಲದಾಯಿತೇ? ಇದನ್ನು ಹೊರಗಿನವರು ಹೇಳಲಾಗದು, ಹೇಳಹೋಗುವುದು ಅವರ ಮನೆಯವರಿಗೆ ಅನ್ಯಾಯ. ಮೈಸೂರಿನಲ್ಲಿ ಹಾಸಿಗೆ ಹಿಡಿದಿದ್ದ ಅವರ ತಂದೆ ಗಂಗಯ್ಯ ಹೆಗ್ಡೆಯವರೂ ಆ ವರ್ಷದ ಆಗಸ್ಟಿನಲ್ಲಿಯೇ ತೀರಿಕೊಂಡರು. ಪತ್ನಿ ಮಾಳವಿಕಾ ಅವರು 2020ರ ಡಿಸೆಂಬರಿನಲ್ಲಿ ಸಂಸ್ಥೆಯ ಹೊಣೆ ಹೊತ್ತು, ಸಾಲವನ್ನು ಬಹುಪಾಲು ಇಳಿಸುತ್ತಾ ಬಂದರು. ಮಳಿಗೆಗಳ ಸಂಖ್ಯೆ ಬಹಳ ಕುಗ್ಗಿತು, ಬಾಗಿಲು ಮಾತ್ರ ಮುಚ್ಚಲಿಲ್ಲ. ಸಾಲ ತೀರಿಸುವುದೂ ಒಂದು ಬಗೆಯ ಸ್ಮರಣೆಯೇ; ಹಾರಕ್ಕಿಂತ ಭಾರವಾದ ಸ್ಮರಣೆ.

ನಮ್ಮ ಕೈಯಲ್ಲಿರುವುದು ಚಿಕ್ಕ ಕೆಲಸಗಳು. ಮಾತು ಕಡಿಮೆ ಮಾಡಿದ ನೆರೆಯವನ ಮನೆಗೆ ಒಂದು ಸಂಜೆ ಹೋಗಿ, ಕಾಫಿ ಮುಗಿದ ಮೇಲೂ ಎದ್ದು ಬಾರದೆ ಕುಳಿತಿರಬಹುದು. ಸಾಲದ ಮಾತು ಬಂದರೆ ಬೆಚ್ಚಿಬೀಳದೆ ಕೇಳಬಹುದು. ಮನಸ್ಸಿನ ಕಾಯಿಲೆಗೆ ವೈದ್ಯರಿದ್ದಾರೆ, ಔಷಧಿಯಿದೆ ಎಂದು ಹೇಳಬಹುದು; ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಗುರುಗಳ ಮನೆಯ ಬಾಗಿಲೂ ಇದೆ.

ಇನ್ನು ನವೆಂಬರ್ ತಿಂಗಳಿನಲ್ಲಿ ಮೃತರ ಹೆಸರುಗಳನ್ನು ಬರೆದುಕೊಡಲು ನಮ್ಮ ದೇವಾಲಯಗಳಲ್ಲಿ ಚೀಟಿ ಹಂಚುತ್ತಾರೆ. ಪಟ ಕೆಳಗಿಳಿದ ಮನೆಗಳವರು ಈ ಸಲ ಆ ಹೆಸರನ್ನೂ ಬರೆಯಿರಿ, ಪೂರ್ತಿಯಾಗಿ, ಮನೆತನದ ಹೆಸರು ಸಹಿತ. ಆ ತಾಯಿ ಮರುವರ್ಷ ತಾವೇ ಬಂದು ಮಗನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿರೆಂದು ಹೇಳಿದರು. ಓದಿದೆವು. ಮುಂದಿನ ಸಾಲಿನಲ್ಲಿದ್ದ ಹೆಂಗಸರಿಬ್ಬರು ಪೂಜೆ ಮುಗಿದ ಮೇಲೆ ಅವರೊಡನೆ ಮನೆಯವರೆಗೆ ನಡೆದುಕೊಂಡು ಹೋದರು.