ಪ್ರಮಾಣ: ಮನೆಯ ಶಾಖಕ್ಕೊಂದು, ಮನಸ್ಸಿಗೊಂದು

ಕನ್ನಡದಲ್ಲಿ ‘ಪ್ರಮಾಣ’ ಎಂಬ ಮಾತಿಗೆ ಮೂರು ಅರ್ಥಗಳು ಬಳಕೆಯಲ್ಲಿವೆ: ಅಳತೆ, ನಿಜವನ್ನು ಅರಿಯುವ ಸಾಧನ, ಆಣೆ. ಮನೆಗೆ ಎಷ್ಟು ದೊಡ್ಡ ಶಾಖ ಪಂಪು ಬೇಕು ಎಂಬ ಲೆಕ್ಕ ಈ ಮೂರನ್ನೂ ಮುಟ್ಟುತ್ತದೆ. ಶಾಖ ಪಂಪು ಒಲೆಯಂತೆ ಶಾಖವನ್ನು ಹುಟ್ಟಿಸುವುದಿಲ್ಲ. ಕರೆಂಟಿನ ಬಲದಿಂದ ಒಂದು ಕಡೆಯ ಶಾಖವನ್ನು ಇನ್ನೊಂದು ಕಡೆಗೆ ಸಾಗಿಸುತ್ತದೆ. ಚಳಿಯ ದೇಶಗಳಲ್ಲಿ ಹೊರಗಿನದನ್ನು ಮನೆಯೊಳಕ್ಕೆ ತರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಅದರ ರೂಪ ಏ.ಸಿ. ಸ್ನಾನದ ನೀರು ಕಾಯಿಸುವ ಶಾಖ ಪಂಪು ಕೂಡ ಅದೇ ಜಾತಿಯದು.

ಎಷ್ಟು ಬೇಕೆಂದು ತಿಳಿಯುವುದು ಹೇಗೆ? ಮೇಲುಕೋಟೆಯಲ್ಲಿ ನೆಲೆನಿಂತ ವಿಶಿಷ್ಟಾದ್ವೈತ ದರ್ಶನ ಪ್ರತ್ಯಕ್ಷ (ನೇರವಾಗಿ ಕಂಡದ್ದು), ಅನುಮಾನ (ಕಂಡದ್ದರಿಂದ ತರ್ಕಿಸಿ ತಿಳಿದದ್ದು), ಶಬ್ದ (ಬಲ್ಲವರ ಮಾತು) ಎಂಬ ಮೂರು ಪ್ರಮಾಣಗಳನ್ನು ಒಪ್ಪುತ್ತದೆ. ನ್ಯಾಯದರ್ಶನ ಉಪಮಾನವನ್ನೂ (ಹೋಲಿಕೆ) ಸೇರಿಸಿ ನಾಲ್ಕು ಎನ್ನುತ್ತದೆ. ಯಂತ್ರ ಕೊಳ್ಳಲು ಹೋದವರಿಗೆ ಮೊದಲು ಸಿಗುವುದು ಶಬ್ದ: ‘ಹತ್ತಡಿ ಹನ್ನೆರಡಡಿ ರೂಮಿಗೆ ಒಂದು ಟನ್ನು ಹಾಕಿಸಿ’ ಎಂಬ ಅಂಗಡಿಯ ಮಾತು. ಆದರೆ ನ್ಯಾಯಸೂತ್ರದ ಪ್ರಕಾರ ಆಪ್ತನ ಮಾತು ಮಾತ್ರ ಪ್ರಮಾಣ. ಆಪ್ತನೆಂದರೆ ವಿಷಯವನ್ನು ತಾನೇ ಕಂಡು, ಕಂಡದ್ದನ್ನು ಕಂಡ ಹಾಗೆ ಹೇಳುವವನು. ಆ ರೂಮಿಗೆ ಕಾಲಿಡದೆ ಹೇಳಿದ್ದು ಆಪ್ತವಾಕ್ಯವಾಗದು. ‘ಪಕ್ಕದ ಮನೆಯವರೂ ಇದನ್ನೇ ಹಾಕಿಸಿದ್ದಾರೆ’ ಎಂಬ ಹೋಲಿಕೆಯೂ ನಿಲ್ಲುವುದಿಲ್ಲ. ಒಂದು ದಪ್ಪ ಮಣ್ಣಿನ ಗೋಡೆಯ, ನಾಡಹೆಂಚಿನ ತೊಟ್ಟಿಮನೆ ಇರಬಹುದು. ಇನ್ನೊಂದು ಇಡೀ ದಿನ ಬಿಸಿಲು ಕುಡಿಯುವ ಆರ್‌ಸಿಸಿ ತಾರಸಿ. ಅಗತ್ಯಕ್ಕಿಂತ ದೊಡ್ಡ ಏ.ಸಿ. ಬೇಗ ತಣಿಸಿ ನಿಂತುಬಿಡುತ್ತದೆ, ಮತ್ತೆ ಶುರುವಾಗುತ್ತದೆ. ಗಾಳಿಯ ತೇವ ತೆಗೆಯಲು ಹೊತ್ತು ಸಾಲದೆ ರೂಮು ತಣ್ಣಗಿದ್ದೂ ಮೈ ಅಂಟಂಟಾಗಿರುತ್ತದೆ.

ಉಳಿದದ್ದು ಪ್ರತ್ಯಕ್ಷ ಮತ್ತು ಅನುಮಾನ. ಪ್ರತ್ಯಕ್ಷಕ್ಕೆ ಒಂದು ಥರ್ಮಾಮೀಟರ್ ಸಾಕು. 200 ಲೀಟರಿನ ಬಿಸಿನೀರಿನ ಟ್ಯಾಂಕಿನಲ್ಲಿ ರಾತ್ರಿ 8ಕ್ಕೆ 60 ಡಿಗ್ರಿ ಇದ್ದ ನೀರು, ಯಾರೂ ನಲ್ಲಿ ತಿರುಗಿಸದೆಯೂ ಬೆಳಿಗ್ಗೆ 6ಕ್ಕೆ 55ಕ್ಕೆ ಇಳಿದಿದೆ ಎನ್ನೋಣ. ಒಂದು ಲೀಟರು ನೀರು ಒಂದು ಡಿಗ್ರಿ ಇಳಿದರೆ ಸುಮಾರು 4.2 ಕಿಲೋಜೌಲ್ ಶಾಖ ಹೋದಂತೆ. ಒಟ್ಟು 4,200 ಕಿಲೋಜೌಲ್, ಅಂದರೆ 1.17 ಯೂನಿಟ್. ರಾತ್ರಿಯಿಡೀ ಸುಮಾರು 117 ವ್ಯಾಟ್ ಸೋರುತ್ತಲೇ ಇತ್ತು. ತೆಂಗಿನ ಗರಿ, ಮಟ್ಟೆ ಉರಿಸಿ ಕಾಯಿಸಿದ ಬಚ್ಚಲುಮನೆಯ ಹಂಡೆಗೆ ಅಜ್ಜಿಯರು ತಪ್ಪದೆ ಮುಚ್ಚಳ ಮುಚ್ಚುತ್ತಿದ್ದದ್ದು ಈ ಸೋರಿಕೆ ಗೊತ್ತಿದ್ದೇ. ಆ ಅರಿವಿಗೆ ಸಂಖ್ಯೆಯ ಹಂಗಿರಲಿಲ್ಲ.

ಗೋಡೆ, ಸೂರುಗಳ ಲೆಕ್ಕ ಅನುಮಾನದ್ದು: ವಿಸ್ತೀರ್ಣ, ಶಾಖ ದಾಟಿಸುವ ಗುಣ, ಒಳಗೂ ಹೊರಗೂ ಇರುವ ಉಷ್ಣತೆಯ ಅಂತರ, ಈ ಮೂರರ ಗುಣಲಬ್ಧ. 12 ಚದರ ಮೀಟರಿನ ಬರಿ ಕಾಂಕ್ರೀಟು ಸೂರಿಗೆ ಆ ಗುಣ 3.5 ಎಂದಿಟ್ಟುಕೊಂಡರೆ, ಪ್ರತಿ ಡಿಗ್ರಿ ಅಂತರಕ್ಕೆ 42 ವ್ಯಾಟ್ ಒಳಕ್ಕೆ ಇಳಿಯುತ್ತದೆ. ನೇರ ಬಿಸಿಲಿನ ಕಾವು, ಕಿಟಕಿ, ಸಂದುಗಳ ಗಾಳಿ, ಸುಮ್ಮನೆ ಕೂತವರೊಬ್ಬರ ಮೈಯಿಂದ ಬರುವ ಸುಮಾರು 100 ವ್ಯಾಟ್, ಇವೆಲ್ಲ ಬೇರೆ.

ಧರ್ಮದ ಪ್ರಶ್ನೆ ಹುಟ್ಟುವುದು ಆ ಗುಣಲಬ್ಧದ ಮೂರನೆಯ ಅಂಕಿಯಲ್ಲಿ, ಉಷ್ಣತೆಯ ಅಂತರದಲ್ಲಿ. ವಿಸ್ತೀರ್ಣವೂ ಗುಣವೂ ಮನೆಯವು. ಹೊರಗಿನ 35 ಡಿಗ್ರಿ ಏಪ್ರಿಲ್ಲಿನದು. ಒಳಗೆ ಎಷ್ಟಿರಬೇಕು ಎಂಬುದನ್ನು ಯಾವ ಮೀಟರೂ ಹೇಳದು. ಅದನ್ನು ಇಡುವುದು ಬಯಕೆ. 27 ಸಾಕೆಂದರೆ ಆ ಸೂರಿನ ಪಾಲು 336 ವ್ಯಾಟ್, 20 ಬೇಕೆಂದರೆ 630. ಅದೇ ಮನೆ, ಅದೇ ಬೇಸಿಗೆ. ‘ಅಗತ್ಯ’ ಎಂದು ಬರೆದುಕೊಂಡದ್ದರಲ್ಲಿ ಅರ್ಧಕ್ಕರ್ಧ ಆಸೆ ಸೇರಿರಬಹುದು.

ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಕಳಿಸಿದಳೆಂಬ ಕಥೆ ಇಲ್ಲಿ ನೆನಪಾಗುತ್ತದೆ. ಆ ದಿನದ ದಾಸೋಹಕ್ಕೆ ಎಷ್ಟು ಬೇಕೆಂಬುದು ಅವಳಿಗೆ ಮೊದಲೇ ಗೊತ್ತಿತ್ತು; ಹೆಚ್ಚಾದದ್ದು ಕಣ್ಣಿಗೆ ಬಿದ್ದದ್ದು ಆ ಅಳತೆ ಇದ್ದುದರಿಂದ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಹಳೆಯ ಬಸದಿಗಳ ಅವಶೇಷಗಳನ್ನು ಬಿಟ್ಟುಹೋದ ಜೈನರು ಗೃಹಸ್ಥನಿಗೆ ಇದನ್ನೇ ವ್ರತವಾಗಿಸಿದರು. ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ: ಹೊಲ, ಮನೆ, ಧಾನ್ಯ, ಚಿನ್ನ ಇಷ್ಟೇ ಎಂದು ಮುಂಚೆಯೇ ಮಿತಿ ಹಾಕಿಕೊಳ್ಳುವುದು. ಎಲ್ಲವನ್ನೂ ಬಿಡುವುದು ಮುನಿಗಳ ಮಾತು. ಆಣೆಯೆಂಬ ಮೂರನೆಯ ಅರ್ಥ ಅಳತೆಯೊಂದಿಗೆ ಕೂಡುವುದು ಈ ವ್ರತದಲ್ಲಿ.

ಅಳೆಯದೆ ಇಟ್ಟ ಆಣೆಯೂ ಸರಿಯಲ್ಲ. ಹಸುಗೂಸು, ಹಾಸಿಗೆ ಹಿಡಿದ ವೃದ್ಧರು ಇರುವ ಮನೆಯಲ್ಲಿ ತಂಪು ಭೋಗವಲ್ಲ. ಅಲ್ಲಿ ವೈರಾಗ್ಯ ಮೆರೆಸುವುದು ಹಿಂಸೆ. ಮೊದಲು ಮನೆಯನ್ನು, ಅಲ್ಲಿರುವವರ ದೇಹಸ್ಥಿತಿಯನ್ನು ಅಳೆಯಬೇಕು, ಮಿತಿ ಆಮೇಲಿನದು.

ಭಾರತದಲ್ಲಿ 2020ರ ಜನವರಿ 1ರಿಂದ ರೂಮ್ ಏ.ಸಿ.ಗಳು 24 ಡಿಗ್ರಿಗೆ ನಿಗದಿಯಾಗಿ ಬರಬೇಕೆಂಬ ನಿಯಮ ಜಾರಿಗೆ ಬಂತು. ಅದನ್ನು ಏರಿಸುವುದೂ ಇಳಿಸುವುದೂ ರಿಮೋಟು ಹಿಡಿದವರ ಕೈಯಲ್ಲಿದೆ.