ಕಾಯಕದಲ್ಲಿ ಬಲದ ಮಿತಿ

ಅಕ್ಕಿ ಆಯುವ ಕಾಯಕದ ಮಾರಯ್ಯನೂ ಆತನ ಸತಿ ಲಕ್ಕಮ್ಮನೂ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಹನ್ನೆರಡನೆಯ ಶತಮಾನದ ಶರಣರು. ಒಂದು ದಿನ ಪತಿಯು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಅದನ್ನು ಒಲೆಗೇರಿಸಲಿಲ್ಲ; ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಈ ಕಥೆಯನ್ನು ಅನ್ನಕ್ಕೂ ಧನಕ್ಕೂ ಅನ್ವಯಿಸಿ ಹೇಳುವವರು ಬಹುಮಂದಿ. ತೋಳಿನ ಬಲಕ್ಕೂ ಅದು ಸಲ್ಲುತ್ತದೆಂಬುದು ಹಳೆಯ ಮೋಟಾರು ಸೈಕಲ್ಲಿನ ಮುಂದೆ ಪಾನಾ ಹಿಡಿದು ಕುಳಿತವನಿಗೆ ಬೇಗನೆ ತಿಳಿಯುವುದು.

ರಾಯಚೂರಿನ ಓಣಿಯಲ್ಲಾಗಲಿ, ದೇವದುರ್ಗ ಮಾನ್ವಿಗಳ ಮನೆಯಂಗಳದಲ್ಲಾಗಲಿ, ತಂದೆಯ ಕಾಲದ ಜಾವಾ ಇಲ್ಲವೆ ಯೆಜ್ಡಿ ಬಂಡಿಯೊಂದು ಹಲವು ಮಳೆಗಾಲ ಕಳೆದು ನಿಂತಿದೆಯೆನ್ನಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಬಂಡಿಗಳು ಸಿದ್ಧವಾದವು; 1973ರಲ್ಲಿ ಯೆಜ್ಡಿಯೆಂಬ ಹೆಸರು ಬಂದಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ನಾಮಗಳು ಪೇಟೆಗೆ ಮರಳಿದರೂ ಅವುಗಳ ಇಂಜಿನ್ನಿನ ಜಾತಿಯೇ ಬೇರೆ. ಹೊಸದರ ಭಾಗ ಹಳೆಯದಕ್ಕೆ ಕೂಡದು. ಮುರಿದುದು ಮುರಿದಂತೆಯೇ.

ಬೋರನ್ನು ಬಿಚ್ಚಹೊರಟರೆ ಅದು ಕದಲದು. ಬೋರು ಬೀಡು ಕಬ್ಬಿಣದ್ದು, ಒಳಗಿನ ಪಿಸ್ಟನ್ ಅಲ್ಯುಮಿನಿಯಮ್ಮಿನದು. ನಡುವೆ ತೇವ ಸೇರಿ ತುಕ್ಕು ಬೆಳೆದು ಎರಡನ್ನೂ ಒಂದಾಗಿ ಬಿಗಿದಿರುತ್ತದೆ. ಇಲ್ಲಿಯೇ ಮನುಷ್ಯನಿಗೆ ಸಿಟ್ಟು ಬರುವುದು. ಸುತ್ತಲಿನ ರೆಕ್ಕೆಗಳ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾನೆ. ಬೀಡು ಬಾಗುವ ಲೋಹವಲ್ಲ. ರೆಕ್ಕೆ ಚಟ್ಟನೆ ಮುರಿದು ಕೈಗೆ ಬರುತ್ತದೆ. ಸುತ್ತಿಗೆಯಿಂದ ಪಿಸ್ಟನ್ನಿನ ನೆತ್ತಿಗೆ ಹೊಡೆದವನ ಗತಿ ಇನ್ನೂ ಕಷ್ಟ: ನೆತ್ತಿ ಒಡೆಯಬಹುದು, ಕೆಳಗಿನ ಕನೆಕ್ಟಿಂಗ್ ರಾಡು ಬಾಗಬಹುದು. ಅಗತ್ಯಕ್ಕೆ ಮೀರಿದ ಆ ಒಂದು ಪೆಟ್ಟು ಲಕ್ಕಮ್ಮನು ಹಿಂದಕ್ಕೆ ಕಳುಹಿದ ಹೆಚ್ಚಿನ ಅಕ್ಕಿಯೇ ಸರಿ.

ಬಲ್ಲವನು ಮೊದಲು ಪೆಟ್ರೋಲು ಟ್ಯಾಂಕನ್ನು ಬಿಚ್ಚಿ ದೂರವಿಡುತ್ತಾನೆ. ಪ್ಲಗ್ಗು ತೆಗೆದ ರಂಧ್ರದಲ್ಲಿ ಡೀಸೆಲನ್ನೂ ಇಂಜಿನ್ ಎಣ್ಣೆಯನ್ನೂ ಬೆರೆಸಿ ಹೊಯ್ದು, ನಾಲ್ಕಾರು ದಿನ ಬಿಟ್ಟುಬಿಡುತ್ತಾನೆ. ಆ ದಿನಗಳಲ್ಲಿ ಏನನ್ನೂ ಮಾಡದಿರುವುದೇ ಮಾಡಬೇಕಾದ ಕೆಲಸ. ಅದೇ ಎಲ್ಲಕ್ಕಿಂತ ಕಠಿಣ. ಅಲ್ಯುಮಿನಿಯಮ್ ಬೀಡಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಇಡೀ ಇಂಜಿನ್ನನ್ನು ಕಾಯಿಸಿದರೆ ಹಿಡಿತ ಹೆಚ್ಚೀತು. ಕುದಿನೀರಿನ ಬಟ್ಟೆಯನ್ನು ಬೋರಿನ ಹೊರಮೈಗೆ ಮಾತ್ರ ಸುತ್ತಿದರೆ ಅದು ಪಿಸ್ಟನ್ನಿಗಿಂತ ಮೊದಲು ಹಿಗ್ಗಿ, ಎಣ್ಣೆಗೆ ದಾರಿ ಬಿಡುತ್ತದೆ. ಬಂಡಿಯನ್ನು ಮೇಲಿನ ಗೇರಿನಲ್ಲಿಟ್ಟು ಹಿಂದಿನ ಗಾಲಿಯನ್ನು ಕೂಸಿನ ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗಿದರೆ ಒಂದು ಕೂದಲೆಳೆಯಷ್ಟು ಚಲನೆ ಕಂಡೀತು. ಅಷ್ಟು ಸಾಕು, ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ.

ಬಿಗಿ ಬಿಟ್ಟ ಮೇಲೆ ನಟ್ಟುಗಳನ್ನು ಕಳಚಿ, ಮರದ ತುಂಡನ್ನಿಟ್ಟು ಸುತ್ತಲೂ ಮೆಲ್ಲನೆ ತಟ್ಟಿ, ಬೋರನ್ನು ನೆಟ್ಟಗೆ ಮೇಲೆತ್ತಬೇಕು. ತಿರುಚಿದರೆ ಪಿಸ್ಟನ್ ರಿಂಗಿನ ತುದಿ ಬೋರಿನ ಕಿಂಡಿಗೆ ಸಿಕ್ಕಿ ತುಂಡಾಗುವುದುಂಟು. ಪೂರ್ತಿ ಎತ್ತುವ ಮುನ್ನ ಕೆಳಗಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದ್ದರೆ ತುಕ್ಕಿನ ಚೂರು ಒಳಗೆ ಬೀಳದು. ಹೊರಬಂದ ಬೋರಿನ ಒಳಮೈಯಲ್ಲಿ ಉಗುರಿಗೆ ತಾಗುವ ಗೀರು ಕಂಡರೆ ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಮುಂದಿನದು ಲೇತಿನವನ ಕಾಯಕ.